ಗೋಡೆ ಬದಿಯ ನೆರಳಿಗೆ ಯಾವ ಗಿಡ?

ಪ್ರಶ್ನೆ: ಮನೆಯ ಗೋಡೆಗೆ ತಾಗಿಕೊಂಡು 10 ಅಡಿ ಉದ್ದ, 4 ಅಡಿ ಅಗಲದ ಪಾತಿ ಇದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಎಳೆಬಿಸಿಲು ಬಿಟ್ಟರೆ ದಿನವಿಡೀ ನೆರಳು. ಗುಲಾಬಿ ಎಲೆ ಉದುರಿಸಿ ಬರೀ ಕಡ್ಡಿಯಾಯಿತು. ದಾಸವಾಳ ಎತ್ತರಕ್ಕೆ ಹೋಯಿತೇ ಹೊರತು ಮೊಗ್ಗು ಬಿಡಲಿಲ್ಲ. ನೆರಳಿಗೆ ಒಳ್ಳೆಯದೆಂದು ಗೋಡೆ ಬುಡದಲ್ಲಿ ನೆಟ್ಟ ಜರೀಗಿಡವೂ ಒಣಗಿತು. ಇಲ್ಲಿ ಏನು ಬೆಳೆಯಬಹುದು?

ಉತ್ತರ: ಗುಲಾಬಿ, ದಾಸವಾಳ ಎರಡಕ್ಕೂ ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ಬೇಕು. ಅವು ಸೋತದ್ದು ಬೆಳಕಿಲ್ಲದೆ. ಜರೀಗಿಡದ ಕತೆ ಬೇರೆ. ಅದು ನೆರಳನ್ನೇ ಬಯಸುವ ಗಿಡ. ಅದೂ ಒಣಗಿತೆಂದರೆ ಮೊದಲು ಅನುಮಾನಿಸಬೇಕಾದ್ದು ನೀರನ್ನು. ಗೋಡೆಯಿಂದ ಹೊರಚಾಚಿದ ಸಜ್ಜಾ ಅಥವಾ ಸೂರು ಮಳೆಯನ್ನು ತಡೆಯುತ್ತದೆ. ಹಾಗಾಗಿ ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ಗೋಡೆ ಬುಡದ ಮಣ್ಣು ಪುಡಿಪುಡಿಯಾಗಿಯೇ ಇರುತ್ತದೆ. ಸೂರಿನ ನೀರು ಬೀಳುವ ಸಾಲಿನಿಂದ ಆಚೆಗೆ ಮಾತ್ರ ಒಳ್ಳೆಯ ತೇವ. ನಿಮ್ಮದು ನೋಡಲು ಒಂದೇ ಪಾತಿ, ಗಿಡಗಳ ಲೆಕ್ಕದಲ್ಲಿ ಎರಡು: ಹಿಂದೆ ಒಣ ನೆರಳು, ಮುಂದೆ ತೇವದ ನೆರಳು. ಗಿಡಗಳನ್ನು ಆರಿಸಬೇಕಾದ್ದು ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಮೊದಲು ಬೆಳಕು ನೋಡಿ. ಮಧ್ಯಾಹ್ನ ಪಾತಿಯಲ್ಲಿ ಬಿಳಿ ಹಾಳೆ ಇಟ್ಟು ಒಂದಡಿ ಮೇಲೆ ಕೈ ಹಿಡಿಯಿರಿ. ಕೈ ನೆರಳಿನ ಅಂಚು ಮಸುಕಾಗಿಯಾದರೂ ಕಂಡರೆ ನೆರಳಿನ ಗಿಡಗಳಲ್ಲಿ ಹೆಚ್ಚಿನವು ಅಲ್ಲಿ ಬರುತ್ತವೆ. ನೆರಳು ಬಿದ್ದದ್ದೇ ತಿಳಿಯದಿದ್ದರೆ ಹೂವಿನ ಆಸೆ ಬಿಟ್ಟು ಎಲೆಯ ಚೆಲುವಿನ ಗಿಡಗಳನ್ನಷ್ಟೇ ಆರಿಸಿ. ಇದನ್ನು ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಾಡುವುದು ಒಳ್ಳೆಯದು. ಸೂರ್ಯನ ದಾರಿ ಬದಲಾದಂತೆ ನೆರಳೂ ಜಾಗ ಬದಲಿಸುತ್ತದೆ.

ಇನ್ನು ಮಣ್ಣು. ಮನೆ ಕಟ್ಟುವಾಗ ಉದುರಿದ ಗಾರೆ, ಸಿಮೆಂಟು, ಇಟ್ಟಿಗೆ ಚೂರು ಗೋಡೆ ಬುಡದಲ್ಲೇ ಹೂತುಹೋಗಿರುವುದು ಸಾಮಾನ್ಯ. ಅದರ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ, ಬೇರಿಗೆ ಕಬ್ಬಿಣದ ಅಂಶ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಗುರುತು. ಒಣಮಣ್ಣಿನ ಮೇಲೆ ಒಂದು ಚಮಚ ವಿನೆಗರ್ ಹಾಕಿದಾಗ ನೊರೆ ಬಂದರೆ ಸುಣ್ಣ ಇದೆ ಎಂದೇ ಅರ್ಥ. ಅಂಥ ಕಡೆ ಹುಳಿಮಣ್ಣು (ಆಮ್ಲೀಯ ಮಣ್ಣು) ಬಯಸುವ ಗಾರ್ಡೇನಿಯಾ, ಅಜೇಲಿಯಾ ನೆಟ್ಟು ಪಾಡುಪಡಬೇಡಿ.

ಗೋಡೆಯಿಂದ ಒಂದಡಿ ಜಾಗವನ್ನು ಪೂರ್ತಿ ಬಿಟ್ಟು ಅಲ್ಲಿ ಜಲ್ಲಿ ಹರಡಿ. ಉಳಿದ 3 ಅಡಿ ಅಗಲವನ್ನು ಒಂದಡಿ ಆಳಕ್ಕೆ ಅಗೆದು ಚೂರುಗಳನ್ನೆಲ್ಲ ಆರಿಸಿ ತೆಗೆಯಿರಿ. ಅದರ ಮೇಲೆ 2 ಇಂಚು ದಪ್ಪ ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ಬೆರೆಸಿ. ನಿಮ್ಮ ಅಳತೆಗೆ 20 ಲೀಟರಿನ 7 ಬಕೆಟ್ ಬೇಕು. ಗೊಬ್ಬರ ಸೇರಿದಾಗ ಪಾತಿ ಏರುತ್ತದೆ, ಇಲ್ಲೇ ಬಹಳ ಮಂದಿ ಎಡವುವುದು. ಮಣ್ಣಿನ ಮಟ್ಟ ಮನೆಯೊಳಗಿನ ನೆಲಕ್ಕಿಂತ, ಗೋಡೆಯಲ್ಲಿ ತೇವ ತಡೆಯುವ ಪದರವಿದ್ದರೆ ಅದಕ್ಕಿಂತಲೂ, ಕನಿಷ್ಠ 6 ಇಂಚು ಕೆಳಗಿರಲೇಬೇಕು. ಇಳಿಜಾರು ಗೋಡೆಯಿಂದ ಹೊರಕ್ಕಿರಲಿ. ಇಲ್ಲವಾದರೆ ತೇವ ಗೋಡೆಗೇರಿ ಒಳಗಿನ ಬಣ್ಣ ಹಪ್ಪಳೆಯೇಳುತ್ತದೆ.

ಹಿಮ ಬೀಳದ ಬೆಚ್ಚನೆಯ ಹವೆ ಎಂದುಕೊಂಡು ಗಿಡ ಹೇಳುತ್ತೇನೆ. ಹಿಂದಿನ ಒಣ ಸಾಲಿಗೆ, ಗೋಡೆಯಿಂದ 2 ಅಡಿ ದೂರದಲ್ಲಿ, ಆಸ್ಪಿಡಿಸ್ಟ್ರಾ, ಸ್ನೇಕ್ ಪ್ಲಾಂಟ್ ಅಥವಾ ಡ್ರಸೀನಾ. ಎರಡೂವರೆ ಅಡಿಗೊಂದರಂತೆ ನಾಲ್ಕು ಗಿಡ ಸಾಕು. ನನ್ನ ಆಯ್ಕೆ ಆಸ್ಪಿಡಿಸ್ಟ್ರಾ. ಬೆಳವಣಿಗೆ ನಿಧಾನ, ಆದರೆ ಬರ, ನೆರಳು, ಕೆಟ್ಟ ಮಣ್ಣು ಮೂರನ್ನೂ ಅದರಷ್ಟು ತಾಳುವ ಗಿಡ ವಿರಳ. ಗೋಡೆಯಿಂದ 3 ಅಡಿಗೆ, ತೇವ ಸಿಗುವ ಕಡೆ, ಜರೀಗಿಡ ಮತ್ತು ಪೀಸ್ ಲಿಲಿ, ಒಂದೂವರೆ ಅಡಿ ಅಂತರ. ಅಂಚಿಗೆ ಮಾಂಡೋ ಹುಲ್ಲು, 8 ಇಂಚಿಗೊಂದು ಕುಚ್ಚು. ಸೂರಿನ ನೀರು ನೇರ ಬೀಳುವ ಸಾಲಿನಲ್ಲಿ ಬಿಗೋನಿಯಾದಂಥ ಮೆತ್ತನೆ ದಂಟಿನ ಗಿಡ ಬೇಡ, ಮುರಿದುಹೋಗುತ್ತದೆ. ಹತ್ತು ಜಾತಿ ತಂದು ಒಂದೊಂದು ನೆಡುವುದಕ್ಕಿಂತ ಮೂರೇ ಜಾತಿ ಗುಂಪಾಗಿ ನೆಟ್ಟರೆ ನೆರಳಿನ ಪಾತಿ ತುಂಬಿಕೊಂಡು ಕಾಣುತ್ತದೆ.

ಮನಿ ಪ್ಲಾಂಟನ್ನು ಗೋಡೆಗೆ ಹಬ್ಬಿಸಬೇಡಿ, ಅದರ ಬೇರು ಕಿತ್ತಾಗ ಬಣ್ಣವೂ ಬರುತ್ತದೆ. ಆಲ, ಅರಳಿಯಂಥ ಫೈಕಸ್ ಜಾತಿಯ ಮರವಂತೂ ತಳಪಾಯದ ಹತ್ತಿರ ಬೇಡವೇ ಬೇಡ. ಪುಟ್ಟ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಡೈಫೆನ್‌ಬೇಕಿಯಾ, ಕ್ಯಾಲೇಡಿಯಂ, ಪೀಸ್ ಲಿಲಿಗಳ ಬಗ್ಗೆ ಎಚ್ಚರ. ಎಲೆ ಅಗಿದರೆ ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ ಬಾಯಿ ಉರಿದು ಊದಿಕೊಳ್ಳುತ್ತದೆ.

ನೀರು ಬೆಳಿಗ್ಗೆಯೇ ಹಾಕಿ; ರಾತ್ರಿ ನೆಲ ಒದ್ದೆಯಿದ್ದರೆ ಬಸವನಹುಳುಗಳಿಗೆ ಹಬ್ಬ. ಬೆರಳನ್ನು 2 ಇಂಚು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಎರೆಯಿರಿ. ಹಿಂದಿನ ಸಾಲಿಗೆ ಮಳೆಗಾಲದಲ್ಲೂ ಈ ಪರೀಕ್ಷೆ ತಪ್ಪಿಸಬೇಡಿ. ಯೂರಿಯಾದಂಥ ಸಾರಜನಕದ ಗೊಬ್ಬರ ಸುರಿದರೆ ನೆರಳಿನ ಗಿಡ ಸಪೂರವಾಗಿ ಉದ್ದಕ್ಕೆ ಬೆಳೆದು ಬಾಗುತ್ತದೆ. ವರ್ಷಕ್ಕೊಮ್ಮೆ ಒಂದಿಂಚು ಕಾಂಪೋಸ್ಟ್ ಸಾಕು.

ಪ್ರಶ್ನೆ: ಬಿಳಿ ಪಟ್ಟೆ ಎಲೆಯ ಗಿಡ ತಂದಿದ್ದೆ. ನೆರಳಲ್ಲಿಟ್ಟ ಮೇಲೆ ಹೊಸ ಎಲೆಗಳೆಲ್ಲ ಹಸಿರಾಗಿ ಬರುತ್ತಿವೆ. ಗೊಬ್ಬರ ಸಾಲದೆ?

ಉತ್ತರ: ಗೊಬ್ಬರದ ಕೊರತೆಯಲ್ಲ, ಬೆಳಕಿನ ಕೊರತೆ. ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ, ಆ ಭಾಗ ಗಿಡಕ್ಕೆ ಆಹಾರ ತಯಾರಿಸದು. ಬೆಳಕು ಕಡಿಮೆಯಾದಾಗ ಪೂರ್ತಿ ಹಸಿರಿನ ಚಿಗುರು ಚುರುಕಾಗಿ ಬೆಳೆದು ಪಟ್ಟೆಯ ಚಿಗುರನ್ನು ಹಿಂದಿಕ್ಕುತ್ತದೆ. ಹಸಿರು ಚಿಗುರನ್ನು ಬುಡದಿಂದಲೇ ಕತ್ತರಿಸಿ, ಗಿಡವನ್ನು ಪಾತಿಯ ಹೊರ ಅಂಚಿಗೆ ಬದಲಿಸಿ. ಗೋಡೆಗೆ ಬಿಳಿ ಬಣ್ಣ ಹೊಡೆಸಿದರೆ ಬೆಳಕು ಪ್ರತಿಫಲಿಸಿ ಇಡೀ ಪಾತಿಗೂ ಅನುಕೂಲ.