‘ಐ ಕಟ್ ಮೈ ಹೇರ್’ ಅಂದರೆ ತಪ್ಪಾ?

ಸಲೂನಿಗೆ ಹೋಗಿಬಂದು ಹೀಗೆ ಹೇಳಬಹುದೇ ಅಂತ ಕೇಳಿದ್ದೀರಿ. ವ್ಯಾಕರಣ ಸರಿಯಿದೆ, ಆದರೆ ಕತ್ತರಿ ನೀವೇ ಹಿಡಿದಿರಿ ಅನ್ನೋ ಅರ್ಥ ಬರಬಹುದು. ‘ಐ ಗಾಟ್ ಮೈ ಹೇರ್ ಕಟ್’ ಅನ್ನಿ.

ನಮ್ಮ ‘ಮಾಡಿಸು’, ‘ಹೊಲಿಸು’ಗಳಲ್ಲಿ ‘ಇಸು’ ಮಾಡುವ ಕೆಲಸವನ್ನು ಇಲ್ಲಿ ‘ಗೆಟ್’ ಮಾಡುತ್ತದೆ. ಮೊದಲು ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ: ‘ಐ ಗಾಟ್ ಮೈ ಬ್ಲೌಸ್ ಸ್ಟಿಚ್ಡ್’. ನಾಳೆ ಹೊಲಿಸುವುದಾದರೆ ‘ವಿಲ್ ಗೆಟ್’. ‘ಸ್ಟಿಚ್ಡ್’ ಹಾಗೇ ಇರುತ್ತದೆ. ನಡುವಿನ ವಸ್ತುವನ್ನು ಮಾತ್ರ ಬಿಡಬೇಡಿ. ‘ಐ ಗಾಟ್ ಸ್ಟಿಚ್ಡ್’ ಅಂದರೆ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡಂತಾಗುತ್ತದೆ!

ಯಾರ ಕೈಲಿ ಅಂತ ಹೇಳಬೇಕಾದರೆ ‘ಟು’ ಬೇಕು: ‘ಐ ಗಾಟ್ ದ ಟೈಲರ್ ಟು ಸ್ಟಿಚ್ ಇಟ್’. ‘ಮೇಡ್’ ಬಳಸಿದರೆ ‘ಟು’ ಬೇಡ, ಆದರೆ ಬಲವಂತವಾಗಿ ಮಾಡಿಸಿದ ಧ್ವನಿ ಬರುತ್ತದೆ.