ಪ್ರತಿ: ಅಳಿವೆ ಪ್ರದೇಶದ ಲೈಡಾರ್ ಎತ್ತರಗಳನ್ನು ನಂಬಬಹುದೇ?

ಕಲಬುರಗಿಯಲ್ಲಿ ಕುಳಿತು ಹೊನ್ನಾವರದ ಶರಾವತಿ ಅಳಿವೆಯ ಲೈಡಾರ್ (ಮೇಲಿನಿಂದ ಲೇಸರ್ ಕಿರಣ ಬಿಟ್ಟು ನೆಲದ ಎತ್ತರ ಅಳೆಯುವ ವಿಧಾನ) ದತ್ತಾಂಶ ನೋಡುತ್ತಿರುವ ನೀವು, ‘ಡಾಂಬರು ರಸ್ತೆಯ ಮೇಲೆ ವರ್ಗಮೂಲ ದೋಷ (RMSE, ಅಂದರೆ ದೋಷಗಳ ವರ್ಗಗಳ ಸರಾಸರಿಯ ವರ್ಗಮೂಲ) 10 ಸೆಂ.ಮೀ. ಬಂದಿದೆ, ಸಾಕೇ?’ ಎಂದು ಕೇಳಿದ್ದೀರಿ. ಸಾಲದು. ರಸ್ತೆ ಲೇಸರ್‌ಗೆ ಅತಿ ಸುಲಭದ ನೆಲ. ಕಾಂಡ್ಲಾ ಗಿಡ, ಜೌಗು ಹುಲ್ಲು ಇರುವಲ್ಲಿ ಬಹಳಷ್ಟು ಕಿರಣಗಳು ಕೆಸರನ್ನು ಮುಟ್ಟುವ ಮೊದಲೇ ಎಲೆಗೆ ತಾಗಿ ಮರಳುತ್ತವೆ. ನೆಲ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಸಮುದ್ರ ನೀರು ಎಲ್ಲಿಯವರೆಗೆ ಬರುತ್ತದೆಂದು ಲೆಕ್ಕ ಹಾಕುವವರಿಗೆ ಈ ತಪ್ಪು ನಿಜಕ್ಕೂ ಅಪಾಯಕಾರಿ.

ನಾನು ಯಾದಗಿರಿಯವನು. ಭೀಮಾ ದಡದಲ್ಲಿ ಅಳತೆ ಮಾಡಿದಾಗ ಜಾಲಿ ಪೊದೆಯೊಳಗೆ ನುಗ್ಗದೆ ಬಯಲಿನಲ್ಲೇ ಪರೀಕ್ಷಾ ಬಿಂದುಗಳನ್ನು (ಲೈಡಾರ್ ಎತ್ತರವನ್ನು ಹೋಲಿಸಿ ನೋಡಲು ನೆಲದಲ್ಲೇ ಅಳೆದ ಜಾಗಗಳು) ತೆಗೆದುಕೊಂಡಿದ್ದೆ. ವರದಿ ಚೆಂದವಿತ್ತು, ಪೊದೆಗಳ ಕೆಳಗಿನ ನೆಲ ಮಾತ್ರ ತಪ್ಪಾಗಿತ್ತು. ನೀವು ಹಾಗೆ ಮಾಡಬೇಡಿ.

ಬಯಲು ಮತ್ತು ಸಸ್ಯವಿರುವ ನೆಲದ ಬಿಂದುಗಳನ್ನು ಬೇರೆ ಬೇರೆ ಇಡಿ. ಬಯಲಿನಲ್ಲಿ ವರ್ಗಮೂಲ ದೋಷವನ್ನು 1.96ರಿಂದ ಗುಣಿಸಿದರೆ ಶೇ. 95ರ ವಿಶ್ವಾಸ ಮಟ್ಟದ ಮಿತಿ (ನೂರರಲ್ಲಿ ಸುಮಾರು 95 ದೋಷಗಳು ಇದರೊಳಗೆ ಇರುತ್ತವೆ) ಸಿಗುತ್ತದೆ: ನಿಮ್ಮ 10 ಸೆಂ.ಮೀ. ಅಂದರೆ 19.6 ಸೆಂ.ಮೀ. ಸಸ್ಯದ ನಡುವೆ ಈ ಗುಣಾಕಾರ ಹೊಂದದು, ಏಕೆಂದರೆ ದೋಷಗಳು ಒಂದೇ ಕಡೆಗೆ ವಾಲಿರುತ್ತವೆ. ಅಲ್ಲಿ ನಿರಪೇಕ್ಷ (ಚಿಹ್ನೆ ಬಿಟ್ಟ) ದೋಷಗಳ 95ನೇ ಪರ್ಸೆಂಟೈಲ್ ಅನ್ನು, ಅಂದರೆ ನೂರರಲ್ಲಿ 95 ದೋಷಗಳು ಮೀರದ ಬೆಲೆಯನ್ನು, ಬಳಸಿ; ಸರಾಸರಿ ದೋಷವನ್ನು ಧನ, ಋಣ ಚಿಹ್ನೆಯೊಂದಿಗೆ ಬರೆದಿಡಿ.

ಸಮುದ್ರದ ಇಳಿತದ ಹೊತ್ತಿನಲ್ಲಿ ಅಳೆಯಿರಿ. ಜಿಪಿಎಸ್ ಕೋಲಿನ ಚೂಪು ತುದಿ ಕೆಸರಿನಲ್ಲಿ ಇಳಿಯುತ್ತದೆ, ಅಗಲದ ತಟ್ಟೆ ಜೋಡಿಸಿ. ಲೈಡಾರ್ ಮತ್ತು ಜಿಪಿಎಸ್‌ನ ಎತ್ತರಗಳು ಒಂದೇ ಆಧಾರ ಮಟ್ಟದಲ್ಲಿವೆಯೇ (ಎತ್ತರವನ್ನು ಎಣಿಸಲು ಶುರುಮಾಡುವ ಸೊನ್ನೆ ಮಟ್ಟ) ಎಂಬುದನ್ನು ಮಾತ್ರ ಎಲ್ಲಕ್ಕಿಂತ ಮೊದಲು ನೋಡಿ.