ಅರ್ಧ ಮುಗಿದ ಚಿತ್ರಕ್ಕೂ ಒಂದು ಜಗಲಿ ಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇರೆ ಬೇರೆ ಕಲೆಯವರು ಒಟ್ಟು ಸೇರಿ ಬಳಗ ಕಟ್ಟಿಕೊಳ್ಳುವ ಬಗ್ಗೆ ಉತ್ತರ ಕನ್ನಡದಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇವೆ.

ಶಿರಸಿಯಿಂದ: ನಾವು ಒಂಬತ್ತು ಜನ. ಚಿತ್ರ ಬರೆಯುವವರು ಮೂವರು, ಕತೆಗಾರರು ಇಬ್ಬರು. ಮದ್ದಲೆಗಾರರು, ಮರ ಕೆತ್ತುವ ಗುಡಿಗಾರರು, ಫೋಟೋಗ್ರಾಫರ್, ಹಿಂದೂಸ್ತಾನಿ ಹಾಡುವವರು ಒಬ್ಬೊಬ್ಬರು. ತಿಂಗಳ ಎರಡನೇ ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಮೊದಲ ಮೂರು ತಿಂಗಳು ಹುರುಪಿತ್ತು. ಈಗ ಚಾ, ಕವಳ (ಎಲೆ-ಅಡಿಕೆ), ಊರ ಸುದ್ದಿಯಲ್ಲೇ ಹೊತ್ತು ಹೋಗುತ್ತದೆ. ಮುಂದುವರಿಸುವುದೋ, ನಿಲ್ಲಿಸುವುದೋ?

ಮುಂದುವರಿಸಿ. ಒಂಬತ್ತು ಜನ ಮೂರು ತಿಂಗಳಾದ ಮೇಲೂ ಬರುತ್ತಿದ್ದಾರೆ ಅಂದರೆ ಬೇರು ಗಟ್ಟಿಯಿದೆ. ಚಾ, ಕವಳ ಇರಲಿ, ಕೊನೆಗೆ ಇರಲಿ. ಬಳಗ ಸೊರಗುವುದು ಪ್ರೀತಿ ಕಡಿಮೆಯಾಗಿ ಅಲ್ಲ, ಎದುರಿಗೆ ಕೆಲಸ ಇಲ್ಲದೆ. ಹೆಚ್ಚಿನ ಕೂಟಗಳಿಗೆ ಮುಗಿದ ಕೆಲಸವೇ ಬರುತ್ತದೆ. ಚೌಕಟ್ಟು ಹಾಕಿಸಿದ ಚಿತ್ರದ ಮುಂದೆ ನಿಂತು "ಚೊಲೋ ಇದ್ದು" ಅನ್ನದೆ ಮತ್ತೇನು ಹೇಳಲು ಬರುತ್ತದೆ? ಅದಕ್ಕೇ ಅರ್ಧ ಆದದ್ದನ್ನು, ಎಲ್ಲಿ ಸಿಕ್ಕಿಕೊಂಡಿದೆಯೋ ಅದನ್ನು ತರಬೇಕು.

ಎರಡೂವರೆ ತಾಸು ಇಟ್ಟುಕೊಳ್ಳಿ. ಒಂದು ಸಲಕ್ಕೆ ಇಬ್ಬರ ಕೆಲಸ ಮಾತ್ರ, ತಲಾ 50 ನಿಮಿಷ. ಮೊದಲ 5 ನಿಮಿಷದಲ್ಲಿ ಕೆಲಸದವರು ತಮ್ಮ ಒಂದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಓದಲಿ. "ಹೇಗಿದೆ?" ಅನ್ನುವುದು ಪ್ರಶ್ನೆ ಆಗುವುದಿಲ್ಲ. "ಬಲಗಡೆಯ ಮರ ಬೇಕೋ ಬೇಡವೋ?" ಅನ್ನುವುದು ಪ್ರಶ್ನೆ. ಮುಂದಿನ 10 ನಿಮಿಷ ಮೌನವಾಗಿ ನೋಡುವುದು. ಕತೆಯಾದರೆ ಎರಡು ಪುಟ ಓದು, ವಾದನವಾದರೆ ಕೇಳುವುದು. ಆಮೇಲೆ 15 ನಿಮಿಷ ಒಬ್ಬೊಬ್ಬರೂ ತಮಗೆ ಕಂಡದ್ದು ಅಥವಾ ಕೇಳಿದ್ದನ್ನು ಹೇಳಲಿ. ಚೆಂದ, ಕೆಟ್ಟದು ಅನ್ನುವ ಮಾತು ಇಲ್ಲಿ ಬೇಡ. ಇನ್ನೊಂದು 15 ನಿಮಿಷ ಚೀಟಿಯ ಪ್ರಶ್ನೆಗೆ. ಕೊನೆಯ 5 ನಿಮಿಷದಲ್ಲಿ ಕೆಲಸದವರು ಮುಂದೇನು ಮಾಡುತ್ತೇನೆಂದು ಹೇಳಲಿ. ನಡುವೆ 10 ನಿಮಿಷ ಕಾಲು ಚಾಚಿಕೊಳ್ಳಲು, ಕೊನೆಯ 40 ನಿಮಿಷ ಚಾ ಮತ್ತು ಹರಟೆಗೆ. ಗಡಿಯಾರ ನೋಡುವ ಕೆಲಸ ಪ್ರತಿ ತಿಂಗಳು ಬೇರೆಯವರದು.

ಎಡವುವ ಜಾಗ ಮೂರು. ಬೇರೆಯವರು ಕಂಡದ್ದು ಹೇಳುತ್ತಿರುವಾಗ ಕೆಲಸದವರು ಸಮರ್ಥನೆಗೆ ಇಳಿಯುತ್ತಾರೆ; ಆ ಕ್ಷಣವೇ ಉಳಿದವರ ಬಾಯಿ ಕಟ್ಟುತ್ತದೆ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಪುಸ್ತಕ, ಪೆನ್ನು ಮಾತ್ರ ಇರಲಿ. ಎರಡನೆಯದು, ಹಿರಿಯರು ಮೊದಲು ಮಾತಾಡಿದರೆ ಕಿರಿಯರು ಅದನ್ನೇ ತಿರುಗಿಸಿ ಹೇಳುತ್ತಾರೆ. ಕಿರಿಯರಿಂದ ಶುರುಮಾಡಿ, ಹಿರಿಯರು ಕೊನೆಗೆ. ಮೂರನೆಯದೇ ದೊಡ್ಡದು: ಚಿತ್ರದ ಬಗ್ಗೆ ಚಿತ್ರಗಾರರೇ ಮಾತಾಡಿ ಮುಗಿಸುತ್ತಾರೆ, ಮದ್ದಲೆಯವರು "ನಮಗೇನು ಗೊತ್ತಾಗ್ತು" ಎಂದು ಸುಮ್ಮನಾಗುತ್ತಾರೆ. ಹೊರಗಿನ ಕಲೆಯವರಿಗೇ ಮೊದಲ ಸರದಿ ಕೊಡಿ. ಏಳು ಮಾತ್ರೆಯ ತ್ರಿವುಡೆ ತಾಳವನ್ನು ಮೂರು, ಎರಡು, ಎರಡು ಎಂದು ಕೈಯಲ್ಲಿ ಹಾಕುವವರಿಗೆ ಚಿತ್ರದಲ್ಲಿ ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಕ್ತಾಯ ಸಿಗದೆ ತೇಲುತ್ತದೆ ಎಂಬುದು ಬೇಗ ಕಾಣುತ್ತದೆ. ಉಳಿಯನ್ನು ಮರದ ಎಳೆಗೆ ಎದುರಾಗಿ ಹೊಡೆದರೆ ಸೀಳು ಏಳುತ್ತದೆಂದು ಗುಡಿಗಾರರಿಗೆ ಬೆರಳಲ್ಲೇ ಗೊತ್ತು. ಕತೆಯಲ್ಲಿ ಪಾತ್ರವನ್ನು ಅದರ ಸ್ವಭಾವಕ್ಕೆ ಎದುರಾಗಿ ತಳ್ಳಿದ ಜಾಗವನ್ನು ಅವರು ಥಟ್ಟನೆ ಹಿಡಿಯಬಲ್ಲರು.

ನಮ್ಮ ಜಿಲ್ಲೆಗೆ ಇದು ಹೊಸತಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಯಕ್ಷಗಾನದ ಇಡಗುಂಜಿ ಮೇಳ ಕಟ್ಟಿದಾಗ ಭಾಗವತರು, ಚಂಡೆ-ಮದ್ದಲೆಯವರು, ವೇಷಧಾರಿಗಳು, ವೇಷಭೂಷಣದವರು ಒಂದೇ ಚೌಕಿಯವರು, ಅಂದರೆ ಒಂದೇ ಬಣ್ಣದ ಮನೆಯವರು. ಪೂರ್ತಿ ವೇಷವನ್ನು ಒಬ್ಬರೇ ಕಟ್ಟಿಕೊಳ್ಳಲಾಗದು, ಹಿಂದೆ ನಿಂತು ಬಿಗಿಯುವ ಇನ್ನೊಂದು ಕೈ ಬೇಕು. ನಿಮ್ಮ ಜಗಲಿಯೂ ಹಾಗೇ ಆಗಲಿ.

ಕಾಲದ ಲೆಕ್ಕವನ್ನೂ ಹಾಕಿಕೊಳ್ಳಿ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ತೋಟದವರು ಸಿಗುವುದಿಲ್ಲ, ಆಟದ ಹಂಗಾಮಿನಲ್ಲಿ ಯಕ್ಷಗಾನದವರು ಸಿಗುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೆ ಎರಡು ಸಲ, ಕೊಯ್ಲು, ಆಟದ ಹೊತ್ತಿನಲ್ಲಿ ಎರಡು ತಿಂಗಳಿಗೊಮ್ಮೆ ಸೇರಿದರೆ ಸಾಕು.

ಕುಮಟಾದಿಂದ: ನಾನು ರಂಗೋಲಿ ಮತ್ತು ಜಲವರ್ಣದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯ ಬಳಗ ಸಂಜೆ ಆರಕ್ಕೆ ಸೇರುತ್ತದೆ. ಮಕ್ಕಳನ್ನು ಬಿಟ್ಟು ಬರಲಾಗದು, ಊರಿಗೆ ಕೊನೆಯ ಬಸ್ಸೂ ಎಂಟಕ್ಕೆ. ಕೇಳಿದರೆ "ಆಸಕ್ತಿ ಇದ್ದರೆ ಬರಬಹುದಲ್ಲ" ಅನ್ನುತ್ತಾರೆ.

ಆಸಕ್ತಿಯ ಕೊರತೆ ನಿಮ್ಮದಲ್ಲ, ಹೊತ್ತು ಗೊತ್ತು ಮಾಡಿದವರದು ತಪ್ಪು. ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ ಎಂದು ಬದಲಿಸಲು ಬರಹದಲ್ಲಿ ಕೇಳಿ, ನಿಮ್ಮಂಥ ಇನ್ನಿಬ್ಬರ ಸಹಿಯನ್ನೂ ಹಾಕಿಸಿ. ಮಕ್ಕಳನ್ನು ಕರೆತರಬಹುದು ಎಂಬುದು ಮೊದಲೇ ನಿಯಮವಾಗಲಿ: ಪಕ್ಕದ ಕೋಣೆಯಲ್ಲಿ ಚಾಪೆ, ಹಳೇ ಕಾಗದ, ಬಣ್ಣದ ಕಡ್ಡಿ, ಸರದಿಯ ಮೇಲೆ ಒಬ್ಬರು ದೊಡ್ಡವರು. ಆ ಸರದಿಯಲ್ಲಿ ಗಂಡಸರ ಹೆಸರೂ ಇರಬೇಕು.

ಅಂಕೋಲಾದಿಂದ: ನಮ್ಮಲ್ಲಿ ಹಾಡುವವರು, ಬರೆಯುವವರು, ನಾಟಕದವರು ಇದ್ದಾರೆ. ಎಲ್ಲರ ಕೈಯೂ ಸೇರಬೇಕಾದ ಒಂದು ಕೆಲಸ ಹೇಳಿ. ದೇವಸ್ಥಾನದ ಗೋಡೆಯ ಕಾವಿ ಕಲೆ ಮಾಡಬಹುದೇ?

ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಕಾವಿ ಅಂದರೆ ಬಣ್ಣ ಬಳಿಯುವುದಲ್ಲ, ಹೆರೆಯುವುದು: ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ತೆಳು ಪದರ ಹಾಕಿ, ಹಸಿ ಇರುವಾಗಲೇ ಕೆಂಪನ್ನು ಕೆರೆದು ಕೆಳಗಿನ ಬಿಳಿ ತೋರಿಸುವುದು. ಕೆಂಪು ಗಟ್ಟಿಯಾಗುವ ಮೊದಲು ಮುಗಿಸಬೇಕಾದ್ದರಿಂದ ಒಬ್ಬರ ಕೈ ಸಾಲುವುದಿಲ್ಲ. ಗಾರೆಗೆ ಇಬ್ಬರು, ಚಿತ್ರ ಇಳಿಸಲು ಒಬ್ಬರು, ಕೆರೆಯಲು ಮೂವರು, ನೀರು ಸಿಂಪಡಿಸಲು ಒಬ್ಬರು. ಹಾಡುವವರೂ ಕತೆಗಾರರೂ ಒಂದೇ ದಿನದಲ್ಲಿ ಕಲಿತುಬಿಡುತ್ತಾರೆ.

ಹಳೆಯ ದೇವಸ್ಥಾನದ ಗೋಡೆಯನ್ನು ಮುಟ್ಟಬೇಡಿ. ಯಾರದಾದರೂ ಮನೆಯ ಚಿರೆಕಲ್ಲಿನ (ಜಂಬಿಟ್ಟಿಗೆಯ) ಪಾಗಾರದ ಗೋಡೆಯಲ್ಲಿ ಎರಡಡಿ ಉದ್ದ, ಎರಡಡಿ ಅಗಲದ ಜಾಗ ಕೇಳಿಕೊಳ್ಳಿ. ಚಿರೆಕಲ್ಲು ನೀರನ್ನು ಹೀರುತ್ತದೆ. ಹಿಂದಿನ ಸಂಜೆಯೂ ಬೆಳಿಗ್ಗೆಯೂ ಚೆನ್ನಾಗಿ ನೆನೆಸದಿದ್ದರೆ ಗಾರೆಯ ನೀರನ್ನೇ ಎಳೆದುಕೊಂಡು ಬಿರುಕು ಬಿಡಿಸುತ್ತದೆ. ಅರಳಿಸಿ ನೆನೆಸಿಟ್ಟ ಚಿಪ್ಪಿನ ಸುಣ್ಣ ಬೆಣ್ಣೆಯ ಹದದಲ್ಲಿ ನಾಲ್ಕು ಲೀಟರ್ ಬೇಕು. ಮೊದಲ ಪದರಕ್ಕೆ ಒಂದು ಪಾಲು ಸುಣ್ಣ, ಎರಡೂವರೆ ಪಾಲು ತೊಳೆದ ಹೊಳೆ ಮರಳು, ದಪ್ಪ 10 ಮಿಲಿಮೀಟರ್. ಮೇಲ್ಮೈಯನ್ನು ಗೀರಿ ಒರಟಾಗಿಸಿ ನಾಲ್ಕೈದು ದಿನ ಬಿಡಿ. ಆಮೇಲೆ ಮತ್ತೆ ನೆನೆಸಿ, ಸುಣ್ಣಕ್ಕೆ ಸಮನಾಗಿ ಜರಡಿ ಹಿಡಿದ ನಯ ಮರಳು ಬೆರೆಸಿ 4 ಮಿಲಿಮೀಟರ್ ಬಿಳಿ ಪದರ ಎಳೆಯಿರಿ. ಬೆರಳಿಗೆ ಅಂಟದೆ ಬರೀ ಗುರುತು ಬೀಳುವ ಹದಕ್ಕೆ ಬಂದಾಗ ಸುಣ್ಣ ಮತ್ತು ಕೆಮ್ಮಣ್ಣಿನ ಪದರ, 2 ಮಿಲಿಮೀಟರಿಗಿಂತ ಹೆಚ್ಚಿಲ್ಲದಂತೆ. ಸುಣ್ಣ ಒಣಗಿದಾಗ ಬಣ್ಣ ತೆಳುವಾಗುತ್ತದೆ, ಹಾಗೆಂದು ಮಣ್ಣು ಜಾಸ್ತಿ ಹಾಕಿದರೆ ಪದರ ಪುಡಿಪುಡಿಯಾಗಿ ಉದುರುತ್ತದೆ. ಹೆಂಚಿನ ಚೂರುಗಳ ಮೇಲೆ ಮೂರು ನಾಲ್ಕು ಅಳತೆ ಬಳಿದು ಒಣಗಿಸಿ ನೋಡಿದ ಮೇಲೇ ಗೋಡೆಗೆ ಹೋಗಿ.

ಕೆರೆಯುವ ಹದ ಹೀಗೆ ತಿಳಿಯುತ್ತದೆ. ಮೂಲೆಯಲ್ಲಿ ಮೊನೆಯಿಂದ ಒಂದು ಗೆರೆ ಎಳೆಯಿರಿ. ಕೆಂಪು ಪದರ ಕಲಸಿದ ಹಿಟ್ಟಿನ ಹಾಗೆ ಸುರುಳಿ ಸುತ್ತಿದರೆ ಇನ್ನೂ ಕಾಯಬೇಕು. ಪುಡಿಯಾಗಿ ಹಾರಿ ಅಂಚು ಒಡೆದರೆ ಹೊತ್ತು ಮೀರಿದೆ. ರವೆಯ ಹಾಗೆ ಉದುರಿ ಅಂಚು ಚೊಕ್ಕವಾಗಿ ಉಳಿದರೆ ಅದೇ ಹದ. ಚಿತ್ರವನ್ನು ಮೊದಲೇ ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿ ಇಳಿಸಿ. ಮುಗಿದ ಮೇಲೆ ಒಂದು ವಾರ ಎದುರಿಗೆ ಒದ್ದೆ ಗೋಣಿ ಇಳಿಬಿಟ್ಟು ನೆರಳು ಮಾಡಿ. ಕಡಲ ಮರಳು ಬೇಡ, ಅದರ ಉಪ್ಪು ತೇವ ಎಳೆದು ಪದರ ಎಬ್ಬಿಸುತ್ತದೆ. ಸಿಮೆಂಟ್ ಬೆರೆಸಿದರೆ ಬಿಳಿ ಬಣ್ಣ ಬೂದು ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೋಡೆಗೆ ಕೈ ಹಾಕಬೇಡಿ. ಸುಣ್ಣ ಕಣ್ಣು ಸುಡುತ್ತದೆ: ಕನ್ನಡಕ, ಕೈಗವಸು ಎಲ್ಲರಿಗೂ ಕಡ್ಡಾಯ, ಬಿದ್ದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದೆ ಚೊಕ್ಕ ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ.

ಯಲ್ಲಾಪುರದಿಂದ: ನಾವು ಏಳು ಮಂದಿ ಸೇರಿ ಕವಿತೆ, ಸಿದ್ದಿ ಸಮುದಾಯದ ಡಮಾಮಿ ವಾದ್ಯ, ನೆರಳಿನ ಚಿತ್ರ ಕೂಡಿಸಿ 40 ನಿಮಿಷದ ಪ್ರಯೋಗ ಮಾಡಿದ್ದೇವೆ. ಪರ ಊರಿನವರು 24,000 ರೂಪಾಯಿ ಕೊಟ್ಟು ಕರೆಯುತ್ತಿದ್ದಾರೆ, ವಿಡಿಯೋ ಕೂಡ ಮಾಡುತ್ತಾರಂತೆ. ಹಣ ಹೇಗೆ ಹಂಚುವುದು? ಹಕ್ಕು ಯಾರದು?

ಹೊರಡುವ ಮೊದಲೇ ಎರಡನ್ನೂ ಕಾಗದದಲ್ಲಿ ಬರೆದುಕೊಳ್ಳಿ. ಬಳಗಗಳು ಒಡೆಯುವುದು ಕಲೆಯ ಭಿನ್ನಾಭಿಪ್ರಾಯಕ್ಕೆ ಅಲ್ಲ, ಬರೆದಿಡದ ಲೆಕ್ಕಕ್ಕೆ.

ಹಣದಲ್ಲಿ ಮೊದಲು ಖರ್ಚು ಕಳೆಯಿರಿ. ಗಾಡಿ ಬಾಡಿಗೆ, ಊಟ ಸೇರಿ 7,000 ಆದರೆ ಉಳಿದದ್ದು 17,000. ಶೇಕಡಾ 10 ಬಳಗದ ನಿಧಿಗೆ, ಅಂದರೆ 1,700. ಮಿಕ್ಕ 15,300ನ್ನು ಕೆಲಸದ ಮೇಲೆ ಪಾಲು ಹಾಕಿ: ಬರೆದದ್ದಕ್ಕೆ 2, ನಿರ್ದೇಶನಕ್ಕೆ 2, ವೇದಿಕೆಯ ಮೇಲಿನ ಐವರಿಗೆ 5, ನೆರಳು ಚಿತ್ರ ಮತ್ತು ಸಜ್ಜಿಕೆಗೆ 2, ಬೆಳಕಿಗೆ 1. ಒಟ್ಟು 12 ಪಾಲು, ಒಂದಕ್ಕೆ 1,275 ರೂಪಾಯಿ. ಒಬ್ಬರೇ ಎರಡು ಕೆಲಸ ಮಾಡಿದ್ದರೆ ಎರಡೂ ಪಾಲು ಅವರದು. ಡಮಾಮಿ ಬಾರಿಸುವವರಿಗೆ "ಸಂಭಾವನೆ" ಎಂದು ಬೇರೆ ಚಿಲ್ಲರೆ ಕೊಡುವುದು ಸರಿಯಲ್ಲ. ಎಲ್ಲರ ಹಾಗೆ ಅವರಿಗೂ ಪಾಲು, ಕರಪತ್ರದಲ್ಲಿ ಅವರ ಹೆಸರು. ಅದು ಒಂದು ಸಮುದಾಯದ ವಾದ್ಯ, ಎಲ್ಲಿ ಬಾರಿಸಬಹುದು ಎಂದು ಹಿರಿಯರನ್ನು ಕೇಳಿ ಮುಂದುವರಿಯಿರಿ.

ಹಕ್ಕಿನ ವಿಷಯಕ್ಕೆ 1957ರ ಕಾಪಿರೈಟ್ ಕಾಯ್ದೆ ಇದೆ. ಕವಿತೆಯ ಹಕ್ಕು ಕವಿಯದು, ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ವೇದಿಕೆಯ ಮೇಲಿನವರಿಗೆ ಪ್ರದರ್ಶಕರ ಹಕ್ಕು 50 ವರ್ಷ. ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಲೆಕ್ಕ. ಬಹಳ ಜನ ಎಡವುವ ಜಾಗ ಬೇರೆ: ದುಡ್ಡು ಕೊಟ್ಟು ಹೇಳಿ ಮಾಡಿಸಿದ ಫೋಟೋ, ವರ್ಣಚಿತ್ರ, ಸಿನಿಮಾಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರಿಗೇ ಹೋಗುತ್ತದೆ. ವಿಡಿಯೋಗೆ ಒಮ್ಮೆ ಬರೆದು ಒಪ್ಪಿಗೆ ಕೊಟ್ಟರೆ, ಅದರ ಬಳಕೆಗೆ ಆಮೇಲೆ ಅಡ್ಡಿ ಹೇಳುವುದು ಕಷ್ಟ. ಆದ್ದರಿಂದ ಒಪ್ಪಿಗೆ ಪತ್ರದಲ್ಲೇ "ದಾಖಲೆಗಾಗಿ ಮಾತ್ರ, ಮಾರಾಟಕ್ಕಾಗಲಿ ಪ್ರಸಾರಕ್ಕಾಗಲಿ ಮತ್ತೆ ಕೇಳಬೇಕು" ಎಂಬ ಸಾಲು ಇರಲಿ, ಏಳೂ ಜನ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಹೊನ್ನಾವರದಿಂದ: ಬಳಗಕ್ಕೆಂದು ಒಂದು ಕೋಣೆ ಸಿಕ್ಕಿದೆ. ಚಿತ್ರ, ವೇಷಭೂಷಣ, ಮದ್ದಲೆ ಎಲ್ಲವೂ ಅಲ್ಲೇ. ಮೊದಲ ಮಳೆಗಾಲದಲ್ಲೇ ಬೂಸ್ಟು ಬಂತು.

ಗಾಳಿಯ ತೇವ ಶೇಕಡಾ 65–70 ದಾಟಿದರೆ ಬೂಸ್ಟು ಬೆಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಆಷಾಢದ ಗಾಳಿ ಅದಕ್ಕಿಂತ ಎಷ್ಟೋ ಮೇಲೆ. ತೇವ ತೋರಿಸುವ ಮಾಪಕ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಒಂದು ತೂಗುಹಾಕಿ. ಚಿತ್ರವನ್ನು ಹೊರಗೋಡೆಗೆ ಒರಗಿಸಬೇಡಿ. ಒಳಗೋಡೆಗೆ ತೂಗುಹಾಕಿ, ಚೌಕಟ್ಟಿನ ಹಿಂದೆ ಎರಡು ಮೂಲೆಗೆ ಅರ್ಧ ಇಂಚಿನ ಮರದ ಚೂರು ಅಂಟಿಸಿ ಗಾಳಿ ಆಡಲು ಬಿಡಿ. ನೆಲದಿಂದ ಒಂದಡಿ ಮೇಲೆ ಹಲಗೆ ಹೊಡೆದು ಉಳಿದದ್ದನ್ನು ನಿಲ್ಲಿಸಿಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ತೇವವನ್ನು ಒಳಗೇ ಕಟ್ಟಿಟ್ಟಂತೆ. ಹತ್ತಿ ಬಟ್ಟೆ ಸಾಕು. ಡಾಂಬರು ಗುಳಿಗೆ ಬಟ್ಟೆಯ ಹುಳಕ್ಕೆ ಆಗುತ್ತದೆ, ಬೂಸ್ಟಿಗೆ ಆಗುವುದಿಲ್ಲ. ಬೂಸ್ಟು ಕಂಡ ಕಾಗದವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಒಳಕ್ಕೆ ಇಳಿಯುತ್ತದೆ. ಮೊದಲು ಒಣಗಿಸಿ, ಮಾಸ್ಕ್ ಹಾಕಿ, ಹೊರಗೆ ತಂದು ಮೆತ್ತನೆಯ ಒಣ ಬ್ರಷ್ಷಿನಿಂದ ಗುಡಿಸಿ. ವೇಷದ ಬಟ್ಟೆ ಬೆವರಿನ ಜೊತೆ ಪೆಟ್ಟಿಗೆ ಸೇರಬಾರದು, ನೆರಳಲ್ಲಿ ಪೂರ್ತಿ ಒಣಗಲಿ. ಮದ್ದಲೆಯನ್ನು ವಾರಕ್ಕೆರಡು ಸಲವಾದರೂ ಹೊರತೆಗೆದು ಬಾರಿಸಿ; ಸುಮ್ಮನೆ ಬಿದ್ದ ಚರ್ಮಕ್ಕೇ ಬೂಸ್ಟು ಬೇಗ. ಕೋಣೆಯ ಕೀಲಿ ಒಬ್ಬರ ಕೈಯಲ್ಲೇ ಇದ್ದರೆ ಇದೆಲ್ಲ ನಡೆಯದು, ಮೂರು ಕೀಲಿ ಮಾಡಿಸಿ.

ಕಾರವಾರದಿಂದ: ನಾವು ಐದು ತಿಂಗಳ ಹಿಂದೆ ಶುರುಮಾಡಿದೆವು. ಈಗಲೇ ಸಂಘವಾಗಿ ನೋಂದಾಯಿಸಬೇಕೇ?

ಒಂದು ವರ್ಷ ತಡೆಯಿರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಇದ್ದರೆ ನೋಂದಾಯಿಸಬಹುದು, ಕಷ್ಟವಿಲ್ಲ. ಕಷ್ಟ ಆಮೇಲಿನದು: ಪ್ರತಿ ವರ್ಷ ಸರ್ವಸಾಧಾರಣ ಸಭೆ, ಪದಾಧಿಕಾರಿಗಳ ಪಟ್ಟಿ, ಲೆಕ್ಕ ಸಲ್ಲಿಸುತ್ತಲೇ ಇರಬೇಕು. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂಬ ಚರ್ಚೆ ಮೊದಲೇ ಬಂದರೆ ಚಿತ್ರ, ಹಾಡು ಹಿಂದೆ ಸರಿಯುತ್ತವೆ. ಕೂಟ ಸನ್ಮಾನ ಸಮಾರಂಭಕ್ಕೆ ತಿರುಗುವುದೂ ಆಗಲೇ. ಅನುದಾನ ಕೇಳುವ ದಿನ, ಸಂಘದ ಹೆಸರಲ್ಲೇ ಕೋಣೆ ಬಾಡಿಗೆಗೆ ಹಿಡಿಯುವ ದಿನ ನೋಂದಣಿ ಬೇಕಾಗುತ್ತದೆ, ಆಗ ಮಾಡಿ. ಅಲ್ಲಿಯವರೆಗೆ ತಲಾ 100 ರೂಪಾಯಿ, ಒಂದು ನೋಟುಪುಸ್ತಕ. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು, ಪ್ರತಿ ತಿಂಗಳು ಇಬ್ಬರ ಸಹಿ. ಪುಸ್ತಕ ಮೇಜಿನ ಮೇಲೆ ತೆರೆದೇ ಇರಲಿ.